ಸಿಇ–7.5 ಮತ್ತು ಸಿಇ–20: ಅಧ್ಯಯನಕ್ಕೆ ಯಾವುದು?

ಇಸ್ರೊದ ಈ ಎರಡು ಕ್ರಯೋಜೆನಿಕ್ (ಅತಿಶೀತಲ ದ್ರವಗಳನ್ನು ಬಳಸುವ) ರಾಕೆಟ್ ಎಂಜಿನ್‌ಗಳಲ್ಲಿ ಯಾವುದನ್ನು ಅಧ್ಯಯನಕ್ಕೆ ಆರಿಸಿಕೊಳ್ಳಬೇಕೆಂದು ಕೇಳಿದ್ದೀರಿ. ಎರಡೂ ಉರಿಸುವುದು ಸುಮಾರು −253 ಡಿಗ್ರಿ ಸೆಲ್ಸಿಯಸ್‌ನ ದ್ರವ ಜಲಜನಕವನ್ನು, −183 ಡಿಗ್ರಿಯ ದ್ರವ ಆಮ್ಲಜನಕದೊಂದಿಗೆ.

ದಕ್ಷತೆಯಲ್ಲಿ ಸಿಇ–7.5 ಮುಂದಿದೆ. ಇಂಧನ ಪಂಪುಗಳನ್ನು ಓಡಿಸುವ ಟರ್ಬೈನನ್ನು ತಿರುಗಿಸಿದ ಅನಿಲವನ್ನು ಅದು ಹೊರಚೆಲ್ಲದೆ ಮುಖ್ಯ ದಹನಕೋಷ್ಠಕ್ಕೇ ಕಳುಹಿಸಿ ಮತ್ತೆ ಉರಿಸುವುದರಿಂದ, ಅದರ ನಿರ್ದಿಷ್ಟ ಆವೇಗ (ಉರಿಸಿದ ಇಂಧನಕ್ಕೆ ಎಷ್ಟು ನೂಕು ಸಿಗುತ್ತದೆ ಎಂಬುದರ ಅಳತೆ) ಸುಮಾರು 454 ಸೆಕೆಂಡುಗಳಷ್ಟಿದ್ದರೆ, ಆ ಅನಿಲವನ್ನು ಪ್ರತ್ಯೇಕವಾಗಿ ಹೊರಬಿಡುವ ಸಿಇ–20ರದ್ದು ಸುಮಾರು 442. ಈ ಹನ್ನೆರಡು ಸೆಕೆಂಡುಗಳು, ನನ್ನ ದೃಷ್ಟಿಯಲ್ಲಿ, ಸಣ್ಣ ವಿಷಯವಲ್ಲ.

ಆದರೆ ಸಿಇ–20ರ ಉಪವ್ಯವಸ್ಥೆಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವುದು ಸುಲಭ. ಅದರ ನೂಕುಬಲವೂ ಹೆಚ್ಚು, ಸುಮಾರು 20 ಟನ್.

ದಹನಚಕ್ರದ ಸೂಕ್ಷ್ಮಗಳು ಬೇಕಿದ್ದರೆ ಮೊದಲನೆಯದನ್ನೂ, ಭಾರವಾದ ಉಪಗ್ರಹಗಳ ಉಡಾವಣೆ ಅಥವಾ ಗಗನಯಾನದತ್ತ ಒಲವಿದ್ದರೆ ಇಸ್ರೊದ ಭಾರೀ ರಾಕೆಟ್ ಎಲ್‌ವಿಎಂ3ರಲ್ಲಿ ಬಳಸುವ ಎರಡನೆಯದನ್ನೂ ಆರಿಸಿಕೊಳ್ಳಿ.