ಹೊಸೂರೋ, ಬೊಮ್ಮಸಂದ್ರವೋ: ಒಂದು ಬೆಡ್‌ರೂಮಿನ ಬಾಡಿಗೆ ಮನೆ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದ ಹೊಸೂರಿನ ಕನ್ನಡಿಗರಿಗೆ ಎದುರಾಗುವ ಮೊದಲ ಪ್ರಶ್ನೆ, ಊರಿನಲ್ಲೇ ಇದ್ದು ಓಡಾಡಬೇಕೇ ಅಥವಾ ಗಡಿಯಾಚೆ ಬೊಮ್ಮಸಂದ್ರದಲ್ಲಿ ಮನೆ ಹಿಡಿಯಬೇಕೇ ಎಂಬುದು. ಬಾಡಿಗೆಯಲ್ಲಿ ಸಾಮಾನ್ಯವಾಗಿ ಹೊಸೂರೇ ಅಗ್ಗ. ಆದರೆ ಕೈ ಕಚ್ಚುವುದು ಮುಂಗಡ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ; ತಮಿಳುನಾಡಿನ 2017ರ ಬಾಡಿಗೆ ಕಾಯ್ದೆಯಾದರೋ, ಕರಾರಿನಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲ ಎನ್ನುತ್ತದೆ, ಕರಾರು ಬರಹದಲ್ಲೇ ಇರಬೇಕೆಂದೂ ವಿಧಿಸುತ್ತದೆ. ಎಲ್ಲಿ ಹಿಡಿದರೂ ಕರಾರನ್ನು ಕೊನೆಯ ಸಾಲಿನವರೆಗೆ ಓದಿ. ನಾನು ಬೊಮ್ಮಸಂದ್ರದ ಮನೆ ಬಿಟ್ಟಾಗ ಸುಣ್ಣಬಣ್ಣದ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಂಡರು. ಮೊಳೆ ಹೊಡೆದ ಎರಡು ತೂತುಗಳನ್ನು ಬಿಟ್ಟರೆ ಗೋಡೆಗೆ ಏನೂ ಆಗಿರಲಿಲ್ಲ.

ಓಡಾಟದಲ್ಲಿ ಬೊಮ್ಮಸಂದ್ರದ್ದೇ ಮೇಲುಗೈ. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೋ ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಆರ್.ವಿ. ರಸ್ತೆಯವರೆಗೆ ಸುಮಾರು 19 ಕಿ.ಮೀ. ಸಾಗುತ್ತದೆ. ಹೊಸೂರಿನವರು ಅತ್ತಿಬೆಲೆಯ ಟೋಲ್ ದಾಟಿ ಬಸ್ಸಿನಲ್ಲೋ ಬೈಕಿನಲ್ಲೋ ಬರಬೇಕು.

ನೀರಿನ ವಿಷಯ ಎರಡೂ ಕಡೆ ಒಂದೇ: ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ, ಬೋರ್‌ವೆಲ್ಲೋ ಟ್ಯಾಂಕರೋ ಎಂದು ಕೆಳಮನೆಯವರನ್ನೇ ಕೇಳಿ.

ಒಬ್ಬರೇ ಇದ್ದು ಪಾಳಿಯಲ್ಲಿ ದುಡಿಯುವವರಿಗೆ ನಾನು ಬೊಮ್ಮಸಂದ್ರವನ್ನೇ ಹೇಳುತ್ತೇನೆ. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ, ನೆಂಟರಿಷ್ಟರ ಹತ್ತಿರದ ಹೊಸೂರನ್ನು.