ಕ್ಲಾಸ್ ಟೀಚರಾ, ಕೌನ್ಸೆಲರಾ, ಹೌಸಾ? ಮೂರನ್ನೂ ಮಾಡಿ ನೋಡಿದ್ದೇವೆ

ಆರನೇ ಕ್ಲಾಸಿನ ಒಬ್ಬ ಹುಡುಗನ ಕನ್ನಡ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟದ ಅಂಚಿಗೂ ನೀಲಿ ಬೆರಳಚ್ಚು ಇರುತ್ತಿತ್ತು. ಹೆಬ್ಬೆರಳು, ತೋರುಬೆರಳು, ಆ ಎರಡರದ್ದೇ. ನಾನು ಅವನ ಕ್ಲಾಸ್ ಟೀಚರ್. ಪೆನ್ನು ಸೋರುತ್ತಿದೆ ಅಂದುಕೊಂಡೆ. ‘ಪೆನ್ನು ಬದಲಾಯಿಸು’ ಅಂತ ಕೆಂಪು ಶಾಯಿಯಲ್ಲಿ ಮೂರು ಸಲ ಬರೆದೆ. ಹೋಂವರ್ಕ್ ಅರ್ಧಂಬರ್ಧ, ಎರಡನೇ ಪೀರಿಯಡ್‌ಗೇ ತೂಕಡಿಕೆ. ರಿಜಿಸ್ಟರಿನಲ್ಲಿ ‘ಓದಿನಲ್ಲಿ ಗಮನವಿಲ್ಲ’ ಅಂತ ಬರೆದು ಸಹಿ ಹಾಕಿದೆ. ಜೂನ್‌ನಲ್ಲಿ ಅವನು ಏಳನೇ ಕ್ಲಾಸಿಗೆ ಹೋದ. ನನ್ನ ಪಾಲಿನ ಜವಾಬ್ದಾರಿ ಅಲ್ಲಿಗೆ ಮುಗಿಯಿತು.

ಆ ನೀಲಿಯ ಸಂಗತಿಗೆ ಆಮೇಲೆ ಬರುತ್ತೇನೆ. ಬಳ್ಳಾರಿಯ ಒಂದು ಕ್ಯಾಥೊಲಿಕ್ ಗಂಡುಹುಡುಗರ ಶಾಲೆಯಲ್ಲಿ ನಾನು 17 ವರ್ಷದಿಂದ ಕನ್ನಡ ಮೇಷ್ಟ್ರು. ಪಾಠ ಬಿಟ್ಟು ಹುಡುಗರ ಕಷ್ಟಸುಖ ನೋಡಿಕೊಳ್ಳಲು ನಮ್ಮಲ್ಲಿ ಇಷ್ಟು ವರ್ಷದಲ್ಲಿ ಮೂರು ಏರ್ಪಾಡು ಬಂದವು. ಮೊದಲಿನಿಂದ ಇದ್ದದ್ದು ಕ್ಲಾಸ್ ಟೀಚರ್. ಆಮೇಲೆ ವಾರಕ್ಕೊಮ್ಮೆ ಬರುವ ಕೌನ್ಸೆಲರ್. ಮೂರು ವರ್ಷದ ಕೆಳಗೆ ಹೌಸ್ ಗುಂಪು, ಅಂದರೆ ಬೇರೆ ಬೇರೆ ಕ್ಲಾಸಿನ ಹುಡುಗರನ್ನು ಸೇರಿಸಿ ಮಾಡಿದ ಗುಂಪು. ನನ್ನ ಒಲವು ಹೌಸ್ ಕಡೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಗೋಡೆಗೆ ಪಾಯಿಂಟ್ ಬೋರ್ಡ್ ಹಾಕಿರುವ ಹೌಸ್ ಅಲ್ಲ.

ಫಾದರ್‌ಗಳು ಈ ಕೆಲಸವನ್ನು ಪ್ಯಾಸ್ಟೋರಲ್ ಕೇರ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಪ್ಯಾಸ್ಟರ್ ಅಂದರೆ ಕುರಿ ಕಾಯುವವನು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬುವುದನ್ನು ನೋಡುತ್ತಲೇ ಬೆಳೆದಿದ್ದೇವೆ. ಅನುಭವ ಇರುವ ಕುರುಬನಿಗೆ ಎಣಿಸುವ ಕೆಲಸ ಕಡಿಮೆ. ಒಮ್ಮೆ ಕಣ್ಣು ಹಾಯಿಸಿದರೆ ಯಾವುದು ಬಂದಿಲ್ಲ, ಯಾವುದು ಮೇವು ಬಿಟ್ಟಿದೆ ಅಂತ ಗೊತ್ತಾಗುತ್ತದೆ. ಮೂರು ಏರ್ಪಾಡನ್ನೂ ನಾನು ಅಳೆದದ್ದು ಇದೊಂದರಲ್ಲೇ. ಕಷ್ಟದಲ್ಲಿರುವ ಹುಡುಗ ಎಲ್ಲಿ ಬೇಗ ಕಣ್ಣಿಗೆ ಬೀಳುತ್ತಾನೆ?

ಕ್ಲಾಸ್ ಟೀಚರ್ ಪದ್ಧತಿಯ ದೊಡ್ಡ ಗುಣ ಅಂದರೆ ದಿನಾ ಮುಖ ನೋಡುತ್ತೇವೆ. ಹಾಜರಿ ನಾವೇ ಕೂಗುತ್ತೇವೆ, ಯಾವ ಸಬ್ಜೆಕ್ಟಿನಲ್ಲಿ ಎಷ್ಟು ಬಂತು ಅಂತ ಬಾಯಿಪಾಠ ಇರುತ್ತದೆ. ಎಸ್ಸೆಸ್ಸೆಲ್ಸಿ ಹುಡುಗರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಗಣಿತದಲ್ಲಿ ಯಾವ ಪಾಠಕ್ಕೆ ಹೆದರುತ್ತಾನೆ, ಯಾವ ಹುಡುಗನ ಜೊತೆ ಕೂರಿಸಿದರೆ ಕಲಿಯುತ್ತಾನೆ ಅನ್ನುವುದು ಕ್ಲಾಸ್ ಟೀಚರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಪೋಷಕರ ಸಭೆಗೆ ಬರುವ ತಾಯಂದಿರು ಕೇಳುವುದೂ ಅದನ್ನೇ. ‘ಹೆಂಗ ಓದ್ತಾನ್ರಿ ಸರ?’

ಆದರೆ ನನ್ನ ಕ್ಲಾಸಿನಲ್ಲಿ 62 ಹುಡುಗರು. 45 ನಿಮಿಷದ ಪೀರಿಯಡ್. ಪಾಠವನ್ನೇ ಬಿಟ್ಟು ಬರೀ ಮಾತಾಡಿಸಿದರೂ ಒಬ್ಬನಿಗೆ ಒಂದು ನಿಮಿಷ ಸಿಗುವುದಿಲ್ಲ. ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ಮಾರ್ಕ್ಸ್ ಹಾಕುವವನೂ ನಾನೇ, ‘ಮನೇಲಿ ಏನಾದ್ರೂ ತೊಂದರೆನಾ?’ ಅಂತ ಕೇಳುವವನೂ ನಾನೇ. ಹುಡುಗ ಯಾವ ಧೈರ್ಯದಲ್ಲಿ ಬಾಯಿ ಬಿಡಬೇಕು? ಹಾಗೂ ಹೀಗೂ ಫೆಬ್ರವರಿ ಹೊತ್ತಿಗೆ ಒಂದು ನಂಬಿಕೆ ಹುಟ್ಟಿತು ಅನ್ನಿ, ಜೂನ್ ಬಂದರೆ ಬೇರೆ ಕ್ಲಾಸ್ ಟೀಚರ್. ಎಲ್ಲ ಮೊದಲಿನಿಂದ.

ಕೌನ್ಸೆಲರ್ ಬಗ್ಗೆ ಬಹಳ ಬರೆಯುವುದಿಲ್ಲ. ಅವರು ಗುರುವಾರ ಬರುತ್ತಿದ್ದರು, ಆಫೀಸಿನ ಪಕ್ಕದ ರೂಮು. ಯಾರು ಒಳಗೆ ಹೋದರು ಅಂತ ಕಾರಿಡಾರಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ‘ಅವನಿಗೆ ತಲೆ ಕೆಟ್ಟಿದೆ’ ಅಂತ ಅಣಕಿಸಿದ್ದನ್ನು ನಾನೇ ಕೇಳಿದ್ದೇನೆ. ಹಾಗಾಗಿ ತಾನಾಗಿ ಯಾರೂ ಹೋಗುತ್ತಿರಲಿಲ್ಲ. ನಾವು ಕಳಿಸಿದವರು ಮಾತ್ರ ಹೋಗುತ್ತಿದ್ದರು. ನಮ್ಮ ಕಣ್ಣಿಗೇ ಬೀಳದ ಹುಡುಗನನ್ನು ನಾವು ಕಳಿಸುವುದಾದರೂ ಹೇಗೆ?

ಒಂದು ವಿಷಯದಲ್ಲಿ ಮಾತ್ರ ಅವರ ಜಾಗವನ್ನು ಬೇರೆ ಯಾರೂ ತುಂಬಲಾಗದು. ನಮ್ಮ ಕೈಮೀರಿದ್ದು ಯಾವುದು ಅಂತ ಅವರಿಗೆ ಗೊತ್ತಿತ್ತು. ‘ಯಾರಿಗೂ ಹೇಳಲ್ಲ’ ಅಂತ ಹುಡುಗನಿಗೆ ಯಾವತ್ತೂ ಮಾತು ಕೊಡಬೇಡಿ ಅಂತ ಕಲಿಸಿದವರು ಅವರೇ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮರ್ಯಾದೆ ಅಂತ ಮುಚ್ಚಿಡುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098 ನಂಬರನ್ನು ಪ್ರತಿ ಕ್ಲಾಸಿನ ಬಾಗಿಲ ಹಿಂದೆ ಬರೆಸಿದವರೂ ಅವರೇ. ಒಬ್ಬ ಹುಡುಗನ ಜೊತೆ ಒಬ್ಬರೇ ಮಾತಾಡುವಾಗ ಬಾಗಿಲು ತೆರೆದಿರಲಿ ಅನ್ನುವ ನಿಯಮವೂ ಅವರದ್ದೇ.

ಈಗ ಹೌಸ್. ಮೂಲದಲ್ಲಿ ಅದು ನಿಜವಾದ ಮನೆಯೇ. ಇಂಗ್ಲೆಂಡಿನ ಈಟನ್, ಹ್ಯಾರೋ ಥರದ ಬೋರ್ಡಿಂಗ್ ಶಾಲೆಗಳಲ್ಲಿ ಹುಡುಗರು ಬೇರೆ ಬೇರೆ ಮನೆಗಳಲ್ಲಿ ಇರುತ್ತಿದ್ದರು, ಮನೆಗೊಬ್ಬ ಹೌಸ್ ಮಾಸ್ಟರ್. ಚಿಕ್ಕವರು ದೊಡ್ಡವರು ಒಂದೇ ಸೂರಿನ ಕೆಳಗೆ. ಬೆಳಗ್ಗೆ ಬಂದು ಸಂಜೆ ಹೋಗುವ ನಮ್ಮಂಥ ಶಾಲೆಗಳಿಗೆ ಬರುವ ಹೊತ್ತಿಗೆ ಮನೆ ಹೋಗಿ ಹೆಸರು ಉಳಿಯಿತು. ಕೆಂಪು, ನೀಲಿ, ಹಸಿರು, ಹಳದಿ ಟೀಶರ್ಟ್, ವರ್ಷಕ್ಕೊಂದು ಸ್ಪೋರ್ಟ್ಸ್ ಡೇ. ನಮ್ಮಲ್ಲೂ ಬಹಳ ವರ್ಷ ಅಷ್ಟೇ ಇತ್ತು.

ಮೂರು ವರ್ಷದ ಕೆಳಗೆ ಅದನ್ನು ಬದಲಾಯಿಸಿದೆವು. 5ರಿಂದ 10ನೇ ಕ್ಲಾಸಿನವರೆಗೆ 720 ಹುಡುಗರು, ನಾಲ್ಕು ಹೌಸ್. ಒಂದು ಹೌಸಿಗೆ 180. ಅಷ್ಟು ಜನರನ್ನು ಒಬ್ಬರು ನೋಡಿಕೊಳ್ಳುವುದು ಸುಮ್ನೆ ಮಾತು. ಅದಕ್ಕೇ ಪ್ರತಿ ಹೌಸನ್ನು ಆರು ಗುಂಪು ಮಾಡಿದೆವು. ಗುಂಪಿಗೆ 30 ಹುಡುಗರು, ಪ್ರತಿ ಕ್ಲಾಸಿನಿಂದ ಐದು ಜನ. ಪಿಟಿ ಮೇಷ್ಟ್ರು, ಲೈಬ್ರರಿಯವರು ಎಲ್ಲರಿಗೂ ಒಂದೊಂದು ಗುಂಪು. ಸೋಮವಾರ, ಬುಧವಾರ, ಶುಕ್ರವಾರ ಪ್ರಾರ್ಥನೆ ಆದ ಮೇಲೆ 20 ನಿಮಿಷ. ಹುಡುಗ ಶಾಲೆ ಬಿಡುವವರೆಗೂ ಅದೇ ಗುಂಪು, ಅದೇ ಮೇಷ್ಟ್ರು. ನಮ್ಮ ಗುಂಪಿನದು ಬೇವಿನ ಮರದ ಕಟ್ಟೆ. ಮಾರ್ಚ್ ಬಂದರೆ ಅಲ್ಲೂ ಕೂರಲಾಗುವುದಿಲ್ಲ, ವರಾಂಡಕ್ಕೆ ಹೋಗುತ್ತೇವೆ. ಬಳ್ಳಾರಿ ಬಿಸಿಲು ಗೊತ್ತಲ್ಲ.

ಆ ನೀಲಿ ಬೆರಳಿನ ಹುಡುಗ ನನ್ನ ಗುಂಪಿಗೇ ಬಂದ. ಎರಡನೇ ವಾರವೋ ಮೂರನೇ ವಾರವೋ, ಅವನ ಪಕ್ಕ ಕೂತಿದ್ದ ಹತ್ತನೇ ಕ್ಲಾಸಿನವನು ಅವನ ಕೈ ಹಿಡಿದು ತಿರುಗಿಸಿ ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. ‘ಸರ್, ಅದು ಇಂಕ್ ಅಲ್ಲ. ಜೀನ್ಸ್ ಬಣ್ಣ. ನಮ್ಮ ಮನೇಲೂ ದಾರ ಕತ್ತರಿಸ್ತಾರೆ.’

ನಮ್ಮ ಊರಿನ ಜೀನ್ಸ್ ಪ್ಯಾಂಟು ದೇಶದ ಎಷ್ಟೋ ಊರಿಗೆ ಹೋಗುತ್ತದೆ. ಹೊಲಿದ ಪ್ಯಾಂಟಿನಲ್ಲಿ ಹೆಚ್ಚಾಗಿ ಉಳಿದ ದಾರ ಕತ್ತರಿಸುವ ಕೆಲಸ ಮನೆಮನೆಗೆ ಬರುತ್ತದೆ, ಪೀಸಿಗೆ ಇಷ್ಟು ಅಂತ ಲೆಕ್ಕ. ಸಂಜೆ ಗಂಟು ಬರುತ್ತದೆ, ಬೆಳಗ್ಗೆ ವಾಪಸ್ ಹೋಗಬೇಕು. ಇನ್ನೂ ವಾಶ್ ಆಗದ ಬಟ್ಟೆ, ಹಿಡಿದ ಬೆರಳಿಗೆ ಬಣ್ಣ ಬಿಡುತ್ತದೆ. ಎಡಗೈಯಲ್ಲಿ ಪ್ಯಾಂಟಿನ ಅಂಚು ಎತ್ತಿ, ಬಲಗೈಯಲ್ಲಿ ಚಿಕ್ಕ ಕತ್ತರಿ. ಅವನು ಎಡಗೈಯಲ್ಲಿ ಬರೆಯುವ ಹುಡುಗ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಆ ಎರಡು ಬೆರಳು. ಒಂದಿಡೀ ವರ್ಷ ಅವು ನನ್ನ ಕಣ್ಣ ಮುಂದೆಯೇ ಇದ್ದವು. ಕೌನ್ಸೆಲರ್ ಹತ್ತಿರ ಕಳಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ, ಯಾಕೆಂದರೆ ಅವನು ಗಲಾಟೆ ಮಾಡುವವನಲ್ಲ.

ಮನೆಗೆ ಹೋದೆ. ತಾಯಿ ಒಬ್ಬರೇ ದುಡಿಯುವವರು. ನಾನು ಉಪದೇಶ ಮಾಡುವ ಸ್ಥಿತಿ ಅಲ್ಲಿ ಇರಲಿಲ್ಲ. ಒಂದು ಮಾತಿಗೆ ಬಂದೆವು. ಶಾಲೆ ಇರುವ ದಿನ ರಾತ್ರಿ ಒಂಬತ್ತರ ಮೇಲೆ ಅವನನ್ನು ಕೂರಿಸುವುದಿಲ್ಲ. ಇತ್ತ ಹೋಂವರ್ಕನ್ನು ಊಟದ ಬಿಡುವಿನಲ್ಲಿ ಆ ಹತ್ತನೇ ಕ್ಲಾಸಿನ ಅಣ್ಣನ ಜೊತೆ ಕೂತು ಮುಗಿಸುವುದು. ಬೆರಳಿನ ನೀಲಿ ಪೂರ್ತಿ ಹೋಗಲಿಲ್ಲ. ತೂಕಡಿಕೆ ಹೋಯಿತು.

ಹೌಸ್ ಗುಂಪಿನ ಬಲ ಇಲ್ಲಿದೆ. ಮೇಷ್ಟ್ರು ಜಾಣ ಆಗಬೇಕಿಲ್ಲ, ಗುಂಪಿನಲ್ಲಿ ಯಾರೋ ಒಬ್ಬನಿಗೆ ಆ ಕಷ್ಟ ಗೊತ್ತಿರುತ್ತದೆ. ಮನೆಯಲ್ಲಿ ತೆಲುಗು ಮಾತಾಡುವ ಐದನೇ ಕ್ಲಾಸಿನವನಿಗೆ ತೆಲುಗು ಬರುವ ಅಣ್ಣ ಸಿಗುತ್ತಾನೆ. ರಂಜಾನ್ ತಿಂಗಳಲ್ಲಿ ಉಪವಾಸ ಇರುವ ಚಿಕ್ಕವನನ್ನು ದೊಡ್ಡವನು ನೆರಳಿಗೆ ಕರೆದುಕೊಂಡು ಹೋಗುತ್ತಾನೆ. ಧರ್ಮಬೋಧೆಯ ಪೀರಿಯಡ್‌ನಲ್ಲಿ ಕ್ಲಾಸು ಎರಡಾಗುತ್ತದೆ, ಕ್ಯಾಥೊಲಿಕ್ ಹುಡುಗರು ಒಂದು ಕಡೆ, ಉಳಿದವರು ನೀತಿಪಾಠಕ್ಕೆ. ಅದು ಸರಿಯೇ, ಪೋಷಕರ ಒಪ್ಪಿಗೆ ಇಲ್ಲದೆ ಯಾರ ಮಗುವಿಗೂ ಧರ್ಮಪಾಠ ಹೇರಬಾರದು ಅಂತ ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಗುಂಪು ಮಾತ್ರ ಎಂದೂ ಒಡೆಯುವುದಿಲ್ಲ. ಒಂದು ನಿಮಿಷ ಎಲ್ಲರೂ ಮೌನವಾಗಿ ಕೂತು ಶುರುಮಾಡುತ್ತೇವೆ.

ಇನ್ನು ಪಾಯಿಂಟ್ ಬೋರ್ಡ್. ಇದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿತು. ನಮ್ಮಲ್ಲಿ ಬೆತ್ತ ಹೋಯಿತು, ಆ ಜಾಗಕ್ಕೆ ಪಾಯಿಂಟ್ ಬಂತು. ಲೇಟಾಗಿ ಬಂದರೆ ಹೌಸಿಗೆ 2 ಪಾಯಿಂಟ್ ಕಟ್. ಕುರುಗೋಡು ಕಡೆಯಿಂದ ಬಸ್ಸಿನಲ್ಲಿ ಬರುವ ಎಂಟನೇ ಕ್ಲಾಸಿನ ಹುಡುಗನೊಬ್ಬ ಇದ್ದ. ಬಸ್ಸು ತಡವಾದರೆ ಅವನೂ ತಡ. ‘ನಿನ್ನಿಂದ ನಾವು ಸೋತ್ವಿ’ ಅಂತ ಅವನದೇ ಹೌಸಿನವರು ಹಿಡಿದು ಬೈದರು. ರಜೆ ಆದರೆ ಪಾಯಿಂಟ್ ಹೋಗುತ್ತಿರಲಿಲ್ಲ. ಹುಡುಗ ಲೆಕ್ಕ ಹಾಕಿದ. ಬಸ್ಸು ತಡವಾದ ದಿನ ಶಾಲೆಗೆ ಬರುವುದನ್ನೇ ಬಿಟ್ಟ. ರಾಯಲ್ ಸರ್ಕಲ್ ಸುತ್ತಮುತ್ತ ಸಂಜೆವರೆಗೆ ತಿರುಗಿ ವಾಪಸ್ ಬಸ್ ಹತ್ತುತ್ತಿದ್ದ. ಒಂದು ತಿಂಗಳಲ್ಲಿ ಹೀಗೆ 7 ದಿನ. ಅದೇ ಬಸ್ಸಿನಲ್ಲಿ ಬರುವ ಐದನೇ ಕ್ಲಾಸಿನ ಪುಟ್ಟವನು ಗುಂಪಿನಲ್ಲಿ ‘ಅಣ್ಣ ಬಸ್ಸಲ್ಲಿ ಇದ್ದ ಸರ್, ಇಳಿದು ಈ ಕಡೆ ಬರಲೇ ಇಲ್ಲ’ ಅಂದಾಗ ಗೊತ್ತಾಯಿತು. ಒಂದೇ ಹೌಸ್ ಆ ಹುಡುಗನನ್ನು ಬೀದಿಗೆ ಕಳಿಸಿತು, ಅದೇ ಹೌಸ್ ಅವನನ್ನು ಹುಡುಕಿ ಕೊಟ್ಟಿತು.

ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಜೋರು ಚರ್ಚೆ ಆಯಿತು. ಪೈಪೋಟಿ ನಮ್ಮ ಪರಂಪರೆಯಲ್ಲೇ ಇದೆ ಅಂತ ಒಬ್ಬ ಫಾದರ್ ವಾದ. ಅವರ ಮಾತು ಸುಳ್ಳಲ್ಲ. ಹಳೆಯ ಯೇಸುಸಭೆಯ, ಅಂದರೆ ಜೆಸ್ವಿಟ್ ಫಾದರ್‌ಗಳ ಶಾಲೆಗಳಲ್ಲಿ ಕ್ಲಾಸನ್ನು ರೋಮ್ ಮತ್ತು ಕಾರ್ಥೇಜ್ ಅಂತ ಎರಡು ಪಕ್ಷ ಮಾಡಿ ಓದಿನಲ್ಲಿ ಸ್ಪರ್ಧೆಗೆ ಬಿಡುತ್ತಿದ್ದರು. ನಾನು ಡಾನ್ ಬಾಸ್ಕೊ ಅನ್ನುವ ಫಾದರ್ ಹೆಸರು ಎತ್ತಿದೆ. 1841ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಗಾರೆ ಕೆಲಸಕ್ಕೆ, ಚಿಮಣಿ ಗುಡಿಸುವುದಕ್ಕೆ ಬಂದ ಹುಡುಗರನ್ನು ಒಟ್ಟು ಸೇರಿಸಲು ಶುರುಮಾಡಿದವರು ಅವರು. 1877ರಲ್ಲಿ ಅವರು ಎರಡು ದಾರಿಗಳನ್ನು ಹೋಲಿಸಿ ಬರೆದರು. ತಪ್ಪು ಮಾಡಿದ ಮೇಲೆ ಶಿಕ್ಷಿಸುವುದು ಒಂದು. ತಪ್ಪು ಆಗದ ಹಾಗೆ ಹುಡುಗರ ಜೊತೆಯಲ್ಲೇ ಇರುವುದು ಇನ್ನೊಂದು. ಅವರು ಹಿಡಿದದ್ದು ಎರಡನೆಯದು. ನಮ್ಮ ಜೀನ್ಸ್ ಮನೆಗಳ ಹುಡುಗರಿಗೆ, ಬಸ್ಸಿನ ಹುಡುಗರಿಗೆ ಬೇಕಾದದ್ದೂ ಅದೇ ಅಲ್ವಾ? ಕೊನೆಗೆ ಪಾಯಿಂಟ್ ಅನ್ನು ಆಟ ಮತ್ತು ಕ್ವಿಜ್‌ಗೆ ಮಾತ್ರ ಇಟ್ಟುಕೊಂಡೆವು. ಲೇಟು, ಯೂನಿಫಾರಂ, ಫೀಸು, ಯಾವುದಕ್ಕೂ ಕಟ್ ಇಲ್ಲ.

ಹೌಸ್ ಗುಂಪಿನಲ್ಲೂ ಹುಳುಕಿದೆ. ಮೊದಲ ವರ್ಷ ಒಬ್ಬ ಹೌಸ್ ಕ್ಯಾಪ್ಟನ್ ಚಿಕ್ಕವರ ಕೈಯಲ್ಲಿ ಬ್ಯಾಗು ಹೊರಿಸುತ್ತಿದ್ದ, ನೀರಿನ ಬಾಟಲಿ ತುಂಬಿಸುತ್ತಿದ್ದ. ಕ್ರಿಕೆಟ್ ಚೆನ್ನಾಗಿ ಆಡುತ್ತಾನೆ ಅಂತ ಆರಿಸಿದ್ದೆವು, ಅದು ನಮ್ಮ ತಪ್ಪು. ಅಣ್ಣ ಅನ್ನಿಸಿಕೊಂಡವನು ಯಜಮಾನ ಆಗಿಬಿಡುವುದು ಬಹಳ ಸುಲಭ. ಗಂಡುಹುಡುಗರ ಶಾಲೆಯಲ್ಲಿ ಇದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅವತ್ತಿನಿಂದ ತಿಂಗಳಿಗೊಮ್ಮೆ 5, 6ನೇ ಕ್ಲಾಸಿನವರಿಗೆ ಒಂದು ಚೀಟಿ ಕೊಡುತ್ತೇನೆ. ಒಂದೇ ಪ್ರಶ್ನೆ. ‘ಈ ವಾರ ಯಾರ ಜೊತೆ ಕೂತು ಊಟ ಮಾಡಿದೆ?’ ಯಾರಾದರೂ ತೊಂದರೆ ಕೊಡುತ್ತಾರಾ ಅಂತ ಕೇಳಿದರೆ ಇಲ್ಲ ಅಂತಲೇ ಬರೆಯುತ್ತಾರೆ. ಊಟದ ಪ್ರಶ್ನೆಗೆ ಸುಳ್ಳು ಬರೆಯಲು ಅವರಿಗೆ ತೋಚುವುದಿಲ್ಲ. ‘ಒಬ್ನೇ’ ಅಂತ ಬಂದ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಮಾರ್ಕ್ಸ್ ವಿಷಯಕ್ಕೆ ಗುಂಪು ಏನೂ ಪ್ರಯೋಜನವಿಲ್ಲ. ಆ 20 ನಿಮಿಷದಲ್ಲಿ ಪಾಠದ ಮಾತು ತೆಗೆದ ದಿನವೇ ಹುಡುಗರು ಬಾಯಿ ಮುಚ್ಚುತ್ತಾರೆ. ಹಾಗಾಗಿ ಓದಿನ ವಿಚಾರ ಕ್ಲಾಸ್ ಟೀಚರ್ ಕೈಯಲ್ಲೇ ಇರಲಿ. ಕೌನ್ಸೆಲರ್ ಕೂಡ ಬೇಕು, ಆದರೆ ರೂಮಿನಲ್ಲಿ ಕೂತು ಕಾಯುವುದಕ್ಕಲ್ಲ. ಈಗ ಅವರು ಪ್ರತಿ ಗುರುವಾರ ಒಂದೊಂದು ಗುಂಪಿನ ಮೇಷ್ಟ್ರ ಜೊತೆ ಕೂರುತ್ತಾರೆ. ನಮ್ಮ ಚೀಟಿಗಳನ್ನು ಒಟ್ಟಿಗೆ ನೋಡುತ್ತೇವೆ.

ಬಗೆಹರಿಯದೆ ಉಳಿದದ್ದು ಒಂದೇ. ಜನವರಿ ಬಂದರೆ ಹತ್ತನೇ ಕ್ಲಾಸಿನವರನ್ನು ಸ್ಪೆಷಲ್ ಕ್ಲಾಸಿಗೆ ಎಳೆದುಕೊಳ್ಳುತ್ತಾರೆ, ಗುಂಪಿನ ಅಣ್ಣಂದಿರೇ ಇರುವುದಿಲ್ಲ. ಕಟ್ಟೆಯ ಮೇಲೆ ಅವರು ಕೂರುತ್ತಿದ್ದ ಜಾಗ ಹಾಗೇ ಖಾಲಿ, ಚಿಕ್ಕವರು ಅಲ್ಲಿ ಕೂರುವುದೂ ಇಲ್ಲ. ಈ ಸಲ ಶುಕ್ರವಾರದ 20 ನಿಮಿಷ ಮಾತ್ರ ಅವರನ್ನು ಬಿಟ್ಟುಕೊಡಿ ಅಂತ ಗಣಿತದ ಮೇಷ್ಟ್ರನ್ನು ಕೇಳಿದ್ದೇನೆ. ಡಿಸೆಂಬರ್‌ನಲ್ಲಿ ಹೇಳುತ್ತೇನೆ ಅಂದಿದ್ದಾರೆ.