ಮಾರ್ಸ್ ಸಿಮ್ಯುಲೇಟರ್: ಎಲ್ಲಾ ಚೆನ್ನಾಗಿದೆ, ಆದ್ರೆ ಎರಡನೇ ಕೀ ಎಲ್ಲಿ ಹೋಯ್ತು?

ಇಂಟರಪ್ಟ್ (ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದು ಡಿವೈಸೊಂದು ಪ್ರೊಸೆಸರನ್ನು ಕರೆಯುವುದು) ಅಂದರೇನು ಅಂತ ಬೋರ್ಡ್ ಮೇಲೆ ಬರೆದು ಹೇಳಿದರೆ ಹುಡುಗರು ಸುಮ್ನೆ ತಲೆ ಆಡಿಸುತ್ತಾರೆ. ಕಣ್ಣೆದುರು ನಡೆಸಿ ತೋರಿಸಿದರೆ ಪ್ರಶ್ನೆ ಕೇಳುತ್ತಾರೆ. ಮಿಪ್ಸ್ ಅನ್ನುವ ಪ್ರೊಸೆಸರಿನ ಅಸೆಂಬ್ಲಿ ಕೋಡನ್ನು ನಮ್ಮ ಕಂಪ್ಯೂಟರಿನಲ್ಲೇ ಓಡಿಸಿ ತೋರಿಸುವ ಈ ಮಾರ್ಸನ್ನು ನಾನು ವರ್ಷಗಳಿಂದ ಬಿಡದೆ ಇಟ್ಟುಕೊಂಡಿರುವುದು ಅದಕ್ಕೇ. 4.5 ಆವೃತ್ತಿ ಬಂದದ್ದು 2014ರಲ್ಲಿ. ಹಳೆಯದೇ, ಆದರೆ ಪುಕ್ಕಟೆ. ಒಂದೇ ಒಂದು ಜಾರ್ ಫೈಲು, ಇನ್‌ಸ್ಟಾಲ್ ಗೋಜಿಲ್ಲ. ಜಾವಾ ಇದ್ದರೆ ನನ್ನ ಮುದಿ ಲ್ಯಾಪ್‌ಟಾಪಿನಲ್ಲೂ ತಕರಾರಿಲ್ಲದೆ ಓಡುತ್ತದೆ. ಸಂಜೆ ನಾಲ್ಕು ಹುಡುಗರಿಗೆ ಪಾಠ ಹೇಳುವವನಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಪ್ರತಿ ಸಲ ನಾನು ಮಾಡುವುದು ಇಷ್ಟು. ಎಫ್3 ಒತ್ತಿ ಅಸೆಂಬಲ್, ಅಂದರೆ ಬರೆದ ಕೋಡನ್ನು ಓಡಿಸಲು ಸಿದ್ಧ ಮಾಡುವುದು. ಟೂಲ್ಸ್ ಮೆನುವಿನಿಂದ ಕೀಬೋರ್ಡ್-ಡಿಸ್‌ಪ್ಲೇ ಕಿಟಕಿ ತೆರೆದು 'ಕನೆಕ್ಟ್ ಟು ಮಿಪ್ಸ್' ಗುಂಡಿ ಒತ್ತುವುದು. ಇದನ್ನು ಬಿಟ್ಟರೆ ಕೀಬೋರ್ಡ್ ಎಷ್ಟು ಕುಟ್ಟಿದರೂ ಪ್ರೊಸೆಸರಿಗೆ ಕೇಳಿಸುವುದಿಲ್ಲ. ಆಮೇಲೆ ಮೇಲಿನ ಸ್ಲೈಡರ್ ಎಳೆದು ವೇಗವನ್ನು ಸೆಕೆಂಡಿಗೆ ಎರಡು ಇನ್‌ಸ್ಟ್ರಕ್ಷನ್‌ಗೆ ಇಳಿಸುವುದು. ಎಫ್5 ಒತ್ತಿ ಓಡಿಸುವುದು.

ಮುಖ್ಯ ಪ್ರೋಗ್ರಾಂ ಒಂದು ಲೂಪಿನಲ್ಲಿ ಸುಮ್ನೆ ಎಣಿಸುತ್ತಾ ಇರುತ್ತದೆ. ಈಗ ಓಡುವ ಸಾಲನ್ನು ತೋರಿಸುವ ಹಳದಿ ಪಟ್ಟಿ ಸಾಲಿಂದ ಸಾಲಿಗೆ ನಿಧಾನಕ್ಕೆ ಇಳಿಯುತ್ತದೆ. ಒಂದು ಕೀ ಒತ್ತಿದರೆ ಸಾಕು, ಪಟ್ಟಿ ಲೂಪ್ ಬಿಟ್ಟು ನೇರ ಕರ್ನಲ್ ವಿಳಾಸಕ್ಕೆ, ಹೆಕ್ಸ್ 80000180ಕ್ಕೆ ಹಾರುತ್ತದೆ. ಇಂಟರಪ್ಟನ್ನು ನೋಡಿಕೊಳ್ಳುವ ಕೋಡ್, ಅಂದರೆ ಹ್ಯಾಂಡ್ಲರ್, ಇರುವುದು ಅಲ್ಲೇ. ಆಗ ಬಲಗಡೆ ಕೋಪ್ರೊಸೆಸರ್ 0 (ಇಂಟರಪ್ಟಿನ ಲೆಕ್ಕ ಇಡುವ ರಿಜಿಸ್ಟರುಗಳ ಗುಂಪು) ನೋಡಬೇಕು. ಅದರ ಇಪಿಸಿ ಅನ್ನುವ ರಿಜಿಸ್ಟರಿನಲ್ಲಿ ವಾಪಸ್ ಬರಬೇಕಾದ ವಿಳಾಸ ಬಂದು ಕೂತಿರುತ್ತದೆ. ಸ್ಟೇಟಸ್ ರಿಜಿಸ್ಟರಿನ ಕೊನೆಯ ಅಂಕಿ 1 ಇದ್ದದ್ದು 3 ಆಗಿರುತ್ತದೆ. ಅದರೊಳಗಿನ ಇಎಕ್ಸ್ಎಲ್ ಬಿಟ್ ಏರಿತು (0 ಇದ್ದದ್ದು 1 ಆಯಿತು), 'ನಾನೀಗ ಬ್ಯುಸಿ, ಇನ್ನೊಂದು ಇಂಟರಪ್ಟ್ ಬೇಡ' ಅಂತ. ಹ್ಯಾಂಡ್ಲರ್ ಕೊನೆಯಲ್ಲಿ ಇರೆಟ್ (ಇಪಿಸಿಯ ವಿಳಾಸಕ್ಕೆ ವಾಪಸ್ ಕಳಿಸುವ ಇನ್‌ಸ್ಟ್ರಕ್ಷನ್) ಓಡಿದ ಕೂಡಲೇ 3 ಮತ್ತೆ 1. ಆ ಒಂದು ಅಂಕಿ ಬದಲಾಗುವುದನ್ನು ನೋಡಿದ ಹುಡುಗನಿಗೆ ಮತ್ತೆ ವಿವರಿಸುವ ಕೆಲಸವೇ ಇಲ್ಲ.

ಇಪಿಸಿಗೆ 4 ಕೂಡಿಸಿ ಮುಂದಿನ ಇನ್‌ಸ್ಟ್ರಕ್ಷನ್‌ಗೆ ಹೋಗಬೇಕೋ ಬೇಡವೋ ಅನ್ನುವ ಹಳೆಯ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಓವರ್‌ಫ್ಲೋ ಆದರೆ (ಲೆಕ್ಕದ ಉತ್ತರ ರಿಜಿಸ್ಟರಿನಲ್ಲಿ ಹಿಡಿಸದಿದ್ದರೆ) ಕೂಡಿಸಬೇಕು, ಇಲ್ಲದಿದ್ದರೆ ಅದೇ ಇನ್‌ಸ್ಟ್ರಕ್ಷನ್‌ಗೆ ಮತ್ತೆ ಮತ್ತೆ ಎಡವುತ್ತದೆ. ಕೀಬೋರ್ಡ್ ಇಂಟರಪ್ಟ್‌ಗೆ ಕೂಡಿಸಬಾರದು, ತಡೆದ ಇನ್‌ಸ್ಟ್ರಕ್ಷನ್ ಇನ್ನೂ ಓಡಿಯೇ ಇಲ್ಲವಲ್ಲ. ಕೂಡಿಸಿದರೆ ಲೂಪಿನ ಒಂದು ಹೆಜ್ಜೆ ಮಾಯ. ಒಂದೊಂದೇ ಇನ್‌ಸ್ಟ್ರಕ್ಷನ್ ಓಡಿಸುವ ಎಫ್7 ಒತ್ತುತ್ತಾ ಹೋದರೆ ಇದೆಲ್ಲ ಕಾಣುತ್ತದೆ.

ಇಲ್ಲಿಯವರೆಗೆ ಐದಕ್ಕೆ ಐದು ಕೊಟ್ಟಿರುತ್ತಿದ್ದೆ. ಒಂದು ದಿನ ಹುಡುಗನೊಬ್ಬ ಹ್ಯಾಂಡ್ಲರ್ ಇನ್ನೂ ನಡೆಯುತ್ತಿರುವಾಗಲೇ ಎರಡನೇ ಕೀ ಒತ್ತಿದ. ಇರೆಟ್ ಆಯಿತು, ಪಟ್ಟಿ ಲೂಪಿಗೆ ವಾಪಸ್ ಬಂತು, ಅಲ್ಲೇ ಸುತ್ತತೊಡಗಿತು. "ಸರ್, ನಾನು ಒತ್ತಿದ್ದು ಎಲ್ಲಿ ಹೋಯ್ತು?"

ಒಳ್ಳೇ ಪ್ರಶ್ನೆ. ನಿಜವಾದ ಹಾರ್ಡ್‌ವೇರಿನಲ್ಲಿ ಡಿವೈಸು ಕರೆಗಂಟೆ ಒತ್ತಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿರುತ್ತದೆ. ಇಎಕ್ಸ್ಎಲ್ ಇಳಿದ ತಕ್ಷಣ ಅದರ ಸರದಿ. ಮಾರ್ಸ್‌ನಲ್ಲಿ ಒಮ್ಮೆ ಒತ್ತಿ ಹೊರಟೇ ಹೋಗುತ್ತದೆ. ಸೋರ್ಸ್ ಕೋಡ್ ಜಾರ್ ಒಳಗೇ ಇದೆ, ತೆಗೆದು ನೋಡಿದೆ. ಕೀ ಒತ್ತಿದ ಕ್ಷಣದಲ್ಲಿ ಇಎಕ್ಸ್ಎಲ್ ಏರಿದೆಯಾ ಅಂತ ನೋಡುತ್ತಾರೆ. ಏರಿದ್ದರೆ ಇಂಟರಪ್ಟ್ ಎಬ್ಬಿಸುವುದಿಲ್ಲ, ಅಷ್ಟೇ. ಆಮೇಲೆ ಅದನ್ನು ಕೇಳುವವರೇ ಇಲ್ಲ. ಯಾವ ಡಿವೈಸು ಕರೆಯಿತು ಅನ್ನುವುದಕ್ಕೂ ಒಂದೇ ವೇರಿಯಬಲ್. ಕೀಬೋರ್ಡೂ ಡಿಸ್‌ಪ್ಲೇಯೂ ಒಟ್ಟಿಗೇ ಕರೆದರೆ ಹಿಂದಿನದರ ಮೇಲೆ ಮುಂದಿನದು ಬರೆದುಕೊಳ್ಳುತ್ತದೆ. ಪೂರ್ತಿ ವೇಗದಲ್ಲಿ ಓಡಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ, ಹ್ಯಾಂಡ್ಲರ್ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ನನ್ನ ಹಾಗೆ ನಿಧಾನಕ್ಕೆ ತೋರಿಸುವವರಿಗೇ ಕಾಟ. ಪೆಂಡಿಂಗ್ ಇಂಟರಪ್ಟ್ (ಸರದಿಗೆ ಕಾಯುತ್ತಾ ನಿಂತ ಇಂಟರಪ್ಟ್) ಅನ್ನುವ ಮುಖ್ಯವಾದ ಪಾಠವನ್ನೇ ಇದರಲ್ಲಿ ತೋರಿಸಲು ಆಗುವುದಿಲ್ಲ ಅಂದರೆ ಬೇಜಾರಾಗುತ್ತೆ ಅಲ್ವಾ?

ದಾರಿ ಇಲ್ಲದಿಲ್ಲ. ಇಂಟರಪ್ಟ್ ಹೋದರೂ ಅಕ್ಷರ ಹೋಗಿರುವುದಿಲ್ಲ. ಕೀಬೋರ್ಡಿನ ರಿಸೀವರ್ ಡೇಟಾ ಅನ್ನುವ ರಿಜಿಸ್ಟರಿನಲ್ಲಿ ಕೂತಿರುತ್ತದೆ, ಜೊತೆಗಿನ ರಿಸೀವರ್ ಕಂಟ್ರೋಲಿನ ರೆಡಿ ಬಿಟ್ ('ಹೊಸ ಅಕ್ಷರ ಬಂದಿದೆ' ಅನ್ನುವ ಗುರುತು) 1 ಆಗಿಯೇ ಇರುತ್ತದೆ. ಹಾಗಾಗಿ ಇರೆಟ್‌ಗೆ ಮುಂಚೆ ರೆಡಿ ಬಿಟ್ಟನ್ನು ಇನ್ನೊಮ್ಮೆ ನೋಡಿ, 1 ಇದ್ದರೆ ಹಿಂದೆ ಹೋಗಿ ಅದನ್ನೂ ಓದಿಕೊಳ್ಳಬೇಕು. ಡೇಟಾ ಓದಿದ ಕೂಡಲೇ ಬಿಟ್ ತಾನಾಗಿಯೇ ಇಳಿಯುತ್ತದೆ. ಆದರೂ ಆ ಕೊನೆಯ ತಪಾಸಣೆಗೂ ಇರೆಟ್‌ಗೂ ನಡುವೆ ಸಣ್ಣ ಸಂದಿ ಉಳಿಯುತ್ತದೆ. ಸೆಕೆಂಡಿಗೆ ಎರಡು ಇನ್‌ಸ್ಟ್ರಕ್ಷನ್ ಅಂದರೆ ಆ ಸಂದಿಯಲ್ಲಿ ತುಂಟ ಬೆರಳು ನುಗ್ಗಲು ಬೇಕಾದಷ್ಟು ಜಾಗ.

ಇಷ್ಟೆಲ್ಲ ಗೊಣಗಿದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ದುಡ್ಡು ಕೊಟ್ಟು ತಗೊಂಡಿದ್ದರೆ ಮೂರೇ. ಇಂಟರಪ್ಟ್ ಮೊದಲ ಸಲ ಕಲಿಯುವವರಿಗೆ ಇದೇ ಸಾಕು, ವೇಗ ಮಾತ್ರ ಇಳಿಸಿ ನೋಡಿ. ನಿಗದಿತ ಸಮಯಕ್ಕೆ ಬರುವ ಟೈಮರ್ ಇಂಟರಪ್ಟ್ ಬೇಕಾದವರು ಇಲ್ಲಿ ಹುಡುಕಬೇಡಿ. ಕೋಪ್ರೊಸೆಸರ್ 0ರಲ್ಲಿ ಇರುವುದು ನಾಲ್ಕೇ ರಿಜಿಸ್ಟರ್, ಟೈಮರಿಗೆ ಬೇಕಾದ ಕೌಂಟ್ ಇಲ್ಲ, ಕಂಪೇರ್ ಇಲ್ಲ. ಆ ಪಾಠಕ್ಕೆ ನಾನು ಕ್ಯೂಟಿಸ್ಪಿಮ್ ಅನ್ನುವ ಇನ್ನೊಂದು ಮಿಪ್ಸ್ ಸಿಮ್ಯುಲೇಟರ್ ತೆರೆಯುತ್ತೇನೆ. ಅದೂ ಪುಕ್ಕಟೆಯೇ.